ಜಪಾನ್‌ನಿಂದ ಗೆದ್ದವರ ಸೇನೆ ಹೊರಟಿದ್ದು ಯಾವಾಗ?

ಪ್ರಶ್ನೆ: ಎರಡನೇ ಮಹಾಯುದ್ಧದ ನಂತರ ಜಪಾನ್‌ನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೇನೆ 1952ರ ಏಪ್ರಿಲ್ 28ರಂದು ವಾಪಸ್ ಹೋಯಿತು ಅಂತ ಓದಿದ್ದೇನೆ. ಅಷ್ಟು ದೊಡ್ಡ ಸೇನೆ ಒಂದೇ ದಿನ ಹೇಗೆ ಹೊರಡುತ್ತೆ?

ಹೊರಡಲಿಲ್ಲ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ಬಿಟ್ಟರೆ ಮುಂದಿನ ತಿಂಗಳು ಇದೇ ಪ್ರಶ್ನೆ ಮತ್ತೆ ಬರುತ್ತದೆ. ವರ್ಷಗಳಿಂದ ಬರುತ್ತಲೇ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್ಸ್‌ನಲ್ಲಿ "1945–52: ಜಪಾನ್ ಮಿತ್ರರಾಷ್ಟ್ರಗಳ ವಶದಲ್ಲಿ" ಅಂತ ಒಂದು ಸಾಲು ಇರುತ್ತದೆ. ಆ ಸಾಲು ಸರಿಯಾಗೇ ಇದೆ. ಅದನ್ನು ಓದಿದವರು ತಲೆಯಲ್ಲಿ ಕಟ್ಟಿಕೊಳ್ಳುವ ಕಥೆಯೇ ಬೇರೆ: ಲಕ್ಷಾಂತರ ಸೈನಿಕರು ಏಳು ವರ್ಷ ಒಂದೇ ಸಮ ಅಲ್ಲಿ ಕೂತಿದ್ದರು, ಕೊನೆಗೆ ಒಪ್ಪಂದ ಆಯಿತು, ಬಾವುಟ ಇಳಿಸಿ ಹಡಗು ಹತ್ತಿದರು. ಈ ಕಥೆಯ ಎರಡು ಅರ್ಧವೂ ಸುಳ್ಳು. ಮೊದಲು ಬಂದವರಲ್ಲಿ ಬಹುಪಾಲು ಜನ ಎಷ್ಟೋ ಮುಂಚೆಯೇ ಊರು ಸೇರಿದ್ದರು. 1952ರಲ್ಲಿ ಅಲ್ಲಿದ್ದವರು ಹೊರಡಲೇ ಇಲ್ಲ.

ಮೊದಲ ಅರ್ಧ ನೋಡೋಣ. 1945ರ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಬಿತ್ತು. ಆ ವರ್ಷದ ಕೊನೆಗೆ ಜಪಾನ್‌ನಲ್ಲಿದ್ದ ಅಮೆರಿಕದ ಸೈನಿಕರು ಸುಮಾರು 4.3 ಲಕ್ಷ. 1948ರ ಹೊತ್ತಿಗೆ ಅದು ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು. ಯಾವ ಒಪ್ಪಂದವೂ ಆಗಿರಲಿಲ್ಲ, ಯಾವ ಸಮಾರಂಭವೂ ನಡೆದಿರಲಿಲ್ಲ. ಸುಮ್ನೆ ಕರಗುತ್ತಾ ಹೋಯಿತು.

ಕರಗಿಸಿದ್ದು ಏನು? ಸೈನಿಕರ ಮನೆಯವರು. ಯುದ್ಧ ಮುಗಿದ ಮರುಗಳಿಗೆಯಿಂದಲೇ "ನಮ್ಮ ಹುಡುಗರನ್ನು ಕಳಿಸಿ" ಅಂತ ಅಮೆರಿಕದ ಊರೂರುಗಳಿಂದ ಸಂಸದರ ಮೇಲೆ ಒತ್ತಡ ಶುರುವಾಯಿತು. ಯಾರು ಮೊದಲು ಹೋಗಬೇಕು ಅಂತ ತೀರ್ಮಾನಿಸಲು ಸೇನೆ ಅಂಕದ ಲೆಕ್ಕ ಇಟ್ಟಿತ್ತು. ಸೇವೆಯ ಪ್ರತಿ ತಿಂಗಳಿಗೆ 1 ಅಂಕ. ಅದರಲ್ಲಿ ಹೊರದೇಶದಲ್ಲಿ ಕಳೆದ ಪ್ರತಿ ತಿಂಗಳಿಗೆ ಇನ್ನೂ 1. ಪ್ರತಿ ಪದಕಕ್ಕೆ ಅಥವಾ ಭಾಗವಹಿಸಿದ ಕಾರ್ಯಾಚರಣೆಗೆ 5. ಮನೆಯಲ್ಲಿ 18 ವರ್ಷದೊಳಗಿನ ಮಗು ಇದ್ದರೆ ಒಂದಕ್ಕೆ 12, ಹೆಚ್ಚೆಂದರೆ ಮೂರು ಮಕ್ಕಳವರೆಗೆ. 1945ರ ಮೇ ತಿಂಗಳಲ್ಲಿ ಈ ಪದ್ಧತಿ ಬಂದಾಗ 85 ಅಂಕ ಆದವರಿಗೆ ಬಿಡುಗಡೆ. ಒಬ್ಬ ಸೈನಿಕನ ಲೆಕ್ಕ ಹಾಕಿ ನೋಡಿ. ಎರಡು ವರ್ಷದ ಸೇವೆ, ಅಂದರೆ 24. ಅದರಲ್ಲಿ ಒಂದೂವರೆ ವರ್ಷ ಪೆಸಿಫಿಕ್ ದ್ವೀಪಗಳಲ್ಲಿ, 18. ಎರಡು ಕಾರ್ಯಾಚರಣೆ, 10. ಊರಲ್ಲಿ ಒಂದು ಮಗು, 12. ಒಟ್ಟು 64. ಆತ ಹೊರಡುವ ಹಾಗಿಲ್ಲ. ಪಕ್ಕದ ಹಾಸಿಗೆಯವನಿಗೆ ಅಷ್ಟೇ ಸೇವೆ, ಆದರೆ ಮೂರು ಮಕ್ಕಳು. ಅವನಿಗೆ 88, ಅವನು ಹೊರಟ. ಬ್ಯಾರಕ್‌ನಲ್ಲಿ ದಿನವಿಡೀ ಇದೇ ಮಾತು ಇದ್ದಿರಬೇಕು, ಅಲ್ವಾ? ಜಪಾನ್ ಶರಣಾದ ಮೇಲೆ ಮಿತಿಯನ್ನು ಹಂತ ಹಂತವಾಗಿ ಇಳಿಸಿದರು. ಇಳಿಸಿದ ಹಾಗೆ ಬೀಡು ಖಾಲಿಯಾಯಿತು.

1946ರ ಜನವರಿಯಲ್ಲಿ ಸರ್ಕಾರ ಈ ವೇಗ ಕಡಿಮೆ ಮಾಡುತ್ತೇವೆ ಅಂದಾಗ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಸಾವಿರಾರು ಅಮೆರಿಕನ್ ಸೈನಿಕರು ಬೀದಿಗಿಳಿದರು. ಗೆದ್ದ ಸೇನೆಯವರೇ ಮೆರವಣಿಗೆ ಮಾಡಿದರು ಅನ್ನುವುದನ್ನು ನಮ್ಮ ಪಠ್ಯಪುಸ್ತಕ ಹೇಳುವುದೇ ಇಲ್ಲ. 1945ರ ಮೇ ತಿಂಗಳಲ್ಲಿ 80 ಲಕ್ಷ ದಾಟಿದ್ದ ಅಮೆರಿಕದ ಸೇನೆ 1946ರ ಮಧ್ಯದ ಹೊತ್ತಿಗೆ 20 ಲಕ್ಷಕ್ಕಿಂತ ಕೆಳಗಿತ್ತು.

ಇಷ್ಟು ಕಡಿಮೆ ಜನರಿಂದ ಜಪಾನ್ ನಡೆಸಲು ಆಗಿದ್ದು ಹೇಗೆ ಅಂತ ಕೇಳಬಹುದು. ಜರ್ಮನಿಯಲ್ಲಿ ಸರ್ಕಾರವೇ ಉಳಿದಿರಲಿಲ್ಲ. ಜಪಾನ್‌ನಲ್ಲಿ ಚಕ್ರವರ್ತಿ, ಮಂತ್ರಿಮಂಡಲ, ಪೊಲೀಸು, ಜಿಲ್ಲಾ ಕಚೇರಿ ಎಲ್ಲಾ ಇದ್ದವು. ಬೀಡುಬಿಟ್ಟ ಸೇನೆಯ ಮುಖ್ಯಸ್ಥ, ಅಮೆರಿಕದ ಜನರಲ್ ಮ್ಯಾಕ್‌ಆರ್ಥರ್ ಟೋಕಿಯೋದ ಒಂದು ವಿಮಾ ಕಂಪನಿಯ ಕಟ್ಟಡದಲ್ಲಿ ಕೂತು ಆದೇಶ ಕಳಿಸುತ್ತಿದ್ದರು, ಅದನ್ನು ಜಾರಿ ಮಾಡುತ್ತಿದ್ದವರು ಜಪಾನಿನ ನೌಕರರೇ. ಸೇನೆಯ ಖರ್ಚೂ ಜಪಾನಿನದೇ. ಮೊದಲ ವರ್ಷಗಳಲ್ಲಿ ಅದು ಬಜೆಟ್‌ನ ಸುಮಾರು ಮೂರನೇ ಒಂದು ಭಾಗ ತಿಂದುಹಾಕಿತು.

ಈಗ ಎರಡನೇ ಅರ್ಧಕ್ಕೆ ಬರುತ್ತೇನೆ. ಗಟ್ಟಿಯಾಗಿ ಬೇರು ಬಿಟ್ಟಿರುವುದು ಇದೇ.

1951ರ ಸೆಪ್ಟೆಂಬರ್ 8ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶಾಂತಿ ಒಪ್ಪಂದಕ್ಕೆ ಜಪಾನ್ ಮತ್ತು 48 ದೇಶಗಳು ಸಹಿ ಹಾಕಿದವು. ಅದರ 6ನೇ ವಿಧಿಯನ್ನು ಒಮ್ಮೆ ಪೂರ್ತಿ ಓದಿ ಅಂತ ಎಲ್ಲರಿಗೂ ಹೇಳುತ್ತೇನೆ. ಬೀಡುಬಿಟ್ಟ ಸೇನೆಗಳು ಆದಷ್ಟು ಬೇಗ, ಒಪ್ಪಂದ ಜಾರಿಯಾದ 90 ದಿನದ ಒಳಗೆ ಜಪಾನ್ ಬಿಡಬೇಕು ಅಂತ ಅದರ ಶುರುವಿನಲ್ಲಿದೆ. "ವಾಪಸ್ ಹೋದರು" ಅನ್ನುವವರು ಇಲ್ಲಿಗೇ ಓದು ನಿಲ್ಲಿಸಿರುತ್ತಾರೆ. ಮುಂದಿನ ಮಾತು ಏನು ಗೊತ್ತಾ? ಜಪಾನ್ ಬೇರೆ ದೇಶದ ಜೊತೆ ಒಪ್ಪಂದ ಮಾಡಿಕೊಂಡು ವಿದೇಶಿ ಸೇನೆಯನ್ನು ಇರಿಸಿಕೊಂಡರೆ ಅದಕ್ಕೆ ಈ ವಿಧಿಯ ಅಡ್ಡಿ ಇಲ್ಲ.

ಅಂಥ ಒಪ್ಪಂದ ಅದೇ ದಿನ, ಅದೇ ಊರಲ್ಲಿ, ಕೆಲವೇ ಗಂಟೆಗಳ ಅಂತರದಲ್ಲಿ ಆಯಿತು. ಅಮೆರಿಕ–ಜಪಾನ್ ಭದ್ರತಾ ಒಪ್ಪಂದಕ್ಕೆ ಜಪಾನಿನ ಪರವಾಗಿ ಪ್ರಧಾನಿ ಯೋಶಿದಾ ಒಬ್ಬರೇ ಸಹಿ ಹಾಕಿದರು. ಎರಡೂ ಜಾರಿಗೆ ಬಂದಿದ್ದು 1952ರ ಏಪ್ರಿಲ್ 28ರಂದೇ. ಮನೆ ಖಾಲಿ ಮಾಡುವ ಪತ್ರಕ್ಕೆ ಸಹಿ ಹಾಕಿದ ದಿನವೇ ಅದೇ ಬಾಡಿಗೆದಾರನ ಜೊತೆ ಹೊಸ ಕರಾರು ಮಾಡಿಕೊಂಡ ಹಾಗೆ. ಏಪ್ರಿಲ್ 27ರ ರಾತ್ರಿ ಗೆದ್ದವರ ಸೇನೆಯಾಗಿ ಮಲಗಿದ ಸೈನಿಕ 28ರ ಬೆಳಿಗ್ಗೆ ಅದೇ ಮಂಚದಿಂದ ಮಿತ್ರದೇಶದ ಸೈನಿಕನಾಗಿ ಎದ್ದ.

ಸಂಖ್ಯೆ ನೋಡಿ. ಒಪ್ಪಂದ ಜಾರಿಯಾದ 1952ರಲ್ಲಿ ಜಪಾನ್‌ನಲ್ಲಿ ಸುಮಾರು 2,60,000 ಅಮೆರಿಕನ್ ಸೈನಿಕರಿದ್ದರು. 1948ಕ್ಕಿಂತ ಎರಡು ಪಟ್ಟಿಗೂ ಜಾಸ್ತಿ! ಕಾರಣ ಕೊರಿಯಾ. 1950ರ ಜೂನ್‌ನಲ್ಲಿ ಅಲ್ಲಿ ಯುದ್ಧ ಶುರುವಾದಾಗ ಜಪಾನ್‌ನಲ್ಲಿ ಅಮೆರಿಕದ ನಾಲ್ಕು ಡಿವಿಷನ್‌ಗಳಿದ್ದವು. ಮೊದಲು ಹೋದದ್ದು 24ನೇ ಡಿವಿಷನ್. ಅನುಭವಿಗಳೆಲ್ಲ ಅಂಕ ಗಳಿಸಿ ಊರಿಗೆ ಹೋಗಿದ್ದರು. ಉಳಿದವರಲ್ಲಿ ಹೆಚ್ಚಿನವರು ಯುದ್ಧವನ್ನೇ ನೋಡದ ಹೊಸ ಹುಡುಗರು. ಜುಲೈ 5ರಂದು ದಕ್ಷಿಣ ಕೊರಿಯಾದ ಓಸಾನ್ ಹತ್ತಿರ ಅವರ ಮೊದಲ ತುಕಡಿ ಉತ್ತರ ಕೊರಿಯಾದ ಟ್ಯಾಂಕ್‌ಗಳ ಎದುರು ನಿಲ್ಲಲಾಗದೆ ಹಿಂದೆ ಸರಿಯಿತು. ಆತುರದಲ್ಲಿ ಸೇನೆ ಕರಗಿಸಿದ್ದರ ಬೆಲೆಯನ್ನು ಆ ಹುಡುಗರು ತೆತ್ತರು. ಜಪಾನ್ ಖಾಲಿಯಾಯಿತು ಅಂತ ಮ್ಯಾಕ್‌ಆರ್ಥರ್ ಜುಲೈ 8ರಂದು 75,000 ಜನರ ಮೀಸಲು ಪೊಲೀಸ್ ಪಡೆ ಕಟ್ಟಲು ಆದೇಶ ಕೊಟ್ಟರು. ಇಂದಿನ ಜಪಾನಿನ ಸ್ವರಕ್ಷಣಾ ಪಡೆಯ ಮೂಲ ಅದು. ಆಮೇಲೆ ಕೊರಿಯಾ ಯುದ್ಧಕ್ಕೆ ಜಪಾನೇ ಹಿಂದಿನ ನೆಲೆಯಾಯಿತು, ಸೈನಿಕರು ಮತ್ತೆ ತುಂಬಿದರು.

ಹಾಗಾದರೆ ನಿಜವಾಗಿ ಹೊರಟಿದ್ದು ಯಾವಾಗ? ಕಾಲಾಳು ಪಡೆಗಳನ್ನು ತೆಗೆಯುತ್ತೇವೆ ಅಂತ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಮತ್ತು ಜಪಾನಿನ ಪ್ರಧಾನಿ ಕಿಶಿ 1957ರಲ್ಲಿ ಒಪ್ಪಿಕೊಂಡ ಮೇಲೆ ದೊಡ್ಡ ಇಳಿಕೆ ಆಯಿತು. ದಕ್ಷಿಣದ ದ್ವೀಪ ಒಕಿನಾವಾ ಮಾತ್ರ 1952ರಲ್ಲಿ ಜಪಾನಿಗೆ ಮರಳಲೇ ಇಲ್ಲ. ಅದು 1972ರ ಮೇ 15ರವರೆಗೆ ಅಮೆರಿಕದ ಆಡಳಿತದಲ್ಲೇ ಇತ್ತು. ಟೋಕಿಯೋ ಸ್ವತಂತ್ರವಾಯಿತು ಅಂತ ಸಂಭ್ರಮಿಸಿದ ಏಪ್ರಿಲ್ 28, ಒಕಿನಾವಾದವರಿಗೆ ಅವಮಾನದ ದಿನ. ಈಗಲೂ ಜಪಾನ್‌ನಲ್ಲಿ ಅಮೆರಿಕದ ಸೇನೆ ಇದೆ. ಅದಕ್ಕೆಂದೇ ಮೀಸಲಾದ ನೆಲೆಗಳ ಜಾಗದಲ್ಲಿ ನೂರಕ್ಕೆ 70ರಷ್ಟು ಇರುವುದು ಆ ಪುಟ್ಟ ಒಕಿನಾವಾದಲ್ಲಿ. ದಯವಿಟ್ಟು ಇನ್ನು ಮುಂದೆ "1952ರಲ್ಲಿ ಹೊರಟರು" ಅಂತ ಬರೆಯಬೇಡಿ. "1952ರಲ್ಲಿ ಜಪಾನಿಗೆ ಸ್ವಂತ ಆಡಳಿತ ಮರಳಿತು" ಅಂತ ಬರೆಯಿರಿ.

ಈ ಮರ್ಮವನ್ನು ಆಗಲೇ ಗುರುತಿಸಿದ್ದ ಒಂದು ದೇಶ ಭಾರತ. ಇದನ್ನು ಹೇಳಲು ನನಗೆ ಹೆಮ್ಮೆ. ಸ್ಯಾನ್ ಫ್ರಾನ್ಸಿಸ್ಕೋಗೆ ನೆಹರೂ ಸರ್ಕಾರ ಹೋಗಲೇ ಇಲ್ಲ. ರಕ್ಷಣಾ ಒಪ್ಪಂದ ಬೇಕಿದ್ದರೆ ಜಪಾನ್ ಪೂರ್ತಿ ಸ್ವತಂತ್ರವಾದ ಮೇಲೆ ತಾನಾಗಿ ಮಾಡಿಕೊಳ್ಳಲಿ, ಒಕಿನಾವಾ ಸೇರಿದ ದ್ವೀಪಗಳು ಜಪಾನಿಗೇ ಮರಳಲಿ ಅನ್ನುವುದು ನಮ್ಮ ತಕರಾರುಗಳಲ್ಲಿ ಮುಖ್ಯವಾದವು. ಕೊನೆಗೆ 1952ರ ಜೂನ್ 9ರಂದು ಟೋಕಿಯೋದಲ್ಲಿ ಭಾರತ–ಜಪಾನ್ ಬೇರೆಯೇ ಶಾಂತಿ ಒಪ್ಪಂದ ಮಾಡಿಕೊಂಡವು.

ಭಾರತಕ್ಕೆ ಇದರ ಉಸಾಬರಿ ಯಾಕಿತ್ತು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು. ಜಪಾನ್‌ನಲ್ಲಿ ಬೀಡುಬಿಟ್ಟವರಲ್ಲಿ ನಮ್ಮವರೂ ಇದ್ದರು! 1946ರಿಂದ ಹಿರೋಶಿಮಾ ಸೇರಿದಂತೆ ಪಶ್ಚಿಮ ಹೊನ್ಶು ಮತ್ತು ಶಿಕೋಕು ದ್ವೀಪ ಬ್ರಿಟಿಷ್ ಕಾಮನ್‌ವೆಲ್ತ್ ಪಡೆಯ ಪಾಲಿಗೆ ಬಂದಿತ್ತು. ಅತಿ ಹೆಚ್ಚಿದ್ದಾಗ ಸುಮಾರು 40,000 ಜನ: ಆಸ್ಟ್ರೇಲಿಯಾ, ಬ್ರಿಟನ್, ಭಾರತ, ನ್ಯೂಜಿಲೆಂಡ್‌ನವರು. ಅದರಲ್ಲಿ 268ನೇ ಭಾರತೀಯ ಬ್ರಿಗೇಡಿನ ನಾಯಕ ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯ. ಮರಾಠಾ, ಪಂಜಾಬ್, ಗೂರ್ಖಾ ಪಡೆಗಳು ಅವರ ಕೆಳಗಿದ್ದವು. ಮದ್ದುಗುಂಡು ಹುಡುಕಿ ನಾಶ ಮಾಡುವುದು, ಕರಾವಳಿಯಲ್ಲಿ ಕಳ್ಳಸಾಗಣೆ ತಡೆಯುವುದು, ಸರದಿ ಬಂದಾಗ ಟೋಕಿಯೋದಲ್ಲಿ ಅರಮನೆಯ ಕಾವಲು ನಿಲ್ಲುವುದು. ಜನರನ್ನು ಆಳುವ ಅಧಿಕಾರ ಅಮೆರಿಕದವರ ಕೈಯಲ್ಲೇ ಇತ್ತು.

ಈ ಪಡೆಯೂ ಹಾಗೇ ಕರಗಿತು. ಬ್ರಿಟಿಷ್ ಬ್ರಿಗೇಡ್ 1947ರ ಆರಂಭದಲ್ಲೇ ಹೊರಟಿತು, ಅದೇ ವರ್ಷ ಭಾರತೀಯರು, 1948ರಲ್ಲಿ ನ್ಯೂಜಿಲೆಂಡ್‌ನವರು. ಕೊನೆಗೆ ಉಳಿದವರು ಆಸ್ಟ್ರೇಲಿಯಾದವರು. ಭಾರತೀಯರ ವಾಪಸಾತಿಯಲ್ಲಿ ಮಾತ್ರ ಬೇರೆ ಯಾರಿಗೂ ಇಲ್ಲದ ಸಂಕಟವಿತ್ತು. ಬೇರೆಯವರು ತಾವು ಬಿಟ್ಟು ಬಂದ ದೇಶಕ್ಕೇ ಮರಳಿದರು. ಇವರ ದೇಶ ಎರಡಾಗಿತ್ತು, ಸೇನೆಯೂ ಎರಡಾಯಿತು. ಜೊತೆಯಲ್ಲಿ ಕಾವಲು ನಿಂತವರಲ್ಲಿ 1ನೇ ಪಂಜಾಬ್ ರೆಜಿಮೆಂಟಿನ ಬೆಟಾಲಿಯನ್ ಪಾಕಿಸ್ತಾನಕ್ಕೆ ಹೋಯಿತು. ಮರಾಠಾ, 5ನೇ ಗೂರ್ಖಾ ಮತ್ತು 7ನೇ ಕ್ಯಾವಲ್ರಿ ಭಾರತಕ್ಕೆ ಬಂದವು. ತಿಮ್ಮಯ್ಯನವರು 1947ರ ಆಗಸ್ಟ್ ಹೊತ್ತಿಗೆ ಪಂಜಾಬ್ ಗಡಿ ಪಡೆಯ ಕೆಲಸದಲ್ಲಿ, ವಿಭಜನೆಯ ರಕ್ತಪಾತದ ನಡುವೆ ಇದ್ದರು. ಮರುವರ್ಷ ಕಾಶ್ಮೀರದಲ್ಲಿ ಡಿವಿಷನ್ ಕಮಾಂಡರ್. 1948ರ ನವೆಂಬರ್ 1ರಂದು 11,500 ಅಡಿ ಎತ್ತರದ ಜೋಜಿ ಲಾ ಕಣಿವೆಗೆ ಅವರು ಟ್ಯಾಂಕ್ ಹತ್ತಿಸಿ, ಲಡಾಖ್‌ನ ದಾರಿ ತೆರೆದರು. ಆ ಟ್ಯಾಂಕ್‌ಗಳನ್ನು ನಡೆಸಿದ್ದು ಜಪಾನ್‌ನಿಂದ ಮರಳಿದ್ದ ಅದೇ 7ನೇ ಕ್ಯಾವಲ್ರಿ.