ಕುಡಿಯುವ ಆಸೆಗೇ ಮಾತ್ರೆ ಬಂದು ಮೂವತ್ತು ವರ್ಷವಾಯಿತು, ನಮಗೆ ಯಾಕೆ ಗೊತ್ತಾಗಲಿಲ್ಲ?

ಕುಡಿತ ಬಿಡಿಸುವ ಮಾತ್ರೆ ಅಂದರೆ ನಮ್ಮ ಕಡೆ ಜಾಸ್ತಿ ಜನಕ್ಕೆ ನೆನಪಾಗುವುದು ಒಂದೇ. ಗಂಡನಿಗೋ ಮಗನಿಗೋ ಗೊತ್ತಾಗದ ಹಾಗೆ ಸಾರಿನಲ್ಲಿ, ಮಜ್ಜಿಗೆಯಲ್ಲಿ ಬೆರೆಸಿ ಕೊಡುವ ಪುಡಿ. ಆಮೇಲೆ ಅವನು ಕುಡಿದರೆ ವಾಂತಿ, ಎದೆ ಡವಡವ, ಮುಖವೆಲ್ಲ ಕೆಂಪು. 'ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಿ' ಅನ್ನುವ ಜಾಹೀರಾತು ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ, ಪತ್ರಿಕೆಯ ಮೂಲೆಯಲ್ಲಿ ಎಲ್ಲರ ಕಣ್ಣಿಗೂ ಬಿದ್ದಿದೆ. ಆದರೆ ಕುಡಿಯಬೇಕು ಅನ್ನುವ ತುಡಿತವನ್ನೇ ತಗ್ಗಿಸುವ, ಕುಡಿಯುವವನು ತಾನೇ ಒಪ್ಪಿ ನುಂಗುವ ಮಾತ್ರೆಗಳೂ ಇವೆ. ಅವುಗಳ ಹೆಸರು ಕೇಳಿದವರು ತೀರಾ ಕಡಿಮೆ. ಹೀಗೆ ಯಾಕಾಯಿತು ಅನ್ನುವುದಕ್ಕೆ ಒಂದು ಉದ್ದದ ಕತೆಯಿದೆ, ಅದು ಶುರುವಾಗುವುದು ರಬ್ಬರ್ ಕಾರ್ಖಾನೆಯಲ್ಲಿ.

ರಬ್ಬರನ್ನು ಹದ ಮಾಡುವುದಕ್ಕೆ ಗಂಧಕ ಇರುವ ಕೆಲವು ರಾಸಾಯನಿಕಗಳನ್ನು ಬಳಸುತ್ತಾರೆ. 1937ರಲ್ಲಿ ಅಮೆರಿಕದ ಇ. ಇ. ವಿಲಿಯಮ್ಸ್ ಅನ್ನುವ ಕಾರ್ಖಾನೆ ವೈದ್ಯರು ಒಂದು ವಿಷಯ ಗಮನಿಸಿದರು. ಇಂಥ ರಾಸಾಯನಿಕಗಳ ನಡುವೆ ಕೆಲಸ ಮಾಡುವವರಿಗೆ ಒಂದು ಬಿಯರ್ ಕುಡಿದರೂ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಬಡಿದುಕೊಳ್ಳುತ್ತಿತ್ತು. ಕುಡಿತದ ಚಟಕ್ಕೆ ಇದೇ ಮದ್ದಾಗಬಹುದೇ ಅಂತ ಅವರು ಆಗಲೇ ಬರೆದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ.

ಅದೇ ಜಾತಿಯ ಡೈಸಲ್ಫಿರಾಂ ಅನ್ನುವ ರಾಸಾಯನಿಕವನ್ನು 1940ರ ದಶಕದಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್ಸೆನ್ ಹೊಟ್ಟೆಹುಳದ ಔಷಧಿಯಾಗುತ್ತದಾ ಅಂತ ಪರೀಕ್ಷೆ ಮಾಡುತ್ತಿದ್ದರು. ಮನುಷ್ಯರಿಗೆ ತೊಂದರೆ ಇಲ್ಲವಷ್ಟೇ ಅಂತ ನೋಡಲು ತಾವೇ ಮಾತ್ರೆ ನುಂಗಿದರು. ಆಮೇಲೆ ಎಂದಿನಂತೆ ಒಂದಿಷ್ಟು ಮದ್ಯ ಒಳಗೆ ಹೋದಾಗ ಇಬ್ಬರಿಗೂ ಮೈ ಕೆಟ್ಟಿತು. ಮೊದಲು ಊಟದ್ದೇ ತಪ್ಪು ಅಂದುಕೊಂಡರು. ಒಬ್ಬರಿಗೊಬ್ಬರು ಹೇಳಿಕೊಂಡಾಗ ಸಂಗತಿ ಬಯಲಾಯಿತು. 1948ರಲ್ಲಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅವರ ವರದಿ ಬಂತು, 1951ರಲ್ಲಿ ಅಮೆರಿಕ ಆಂಟಬ್ಯೂಸ್ ಅನ್ನುವ ಹೆಸರಿನಲ್ಲಿ ಒಪ್ಪಿಗೆ ಕೊಟ್ಟಿತು. ಕುಡಿತದ ಚಟಕ್ಕೆ ಅಂತಲೇ ಅಲ್ಲಿ ಒಪ್ಪಿಗೆ ಸಿಕ್ಕ ಮೊದಲ ಔಷಧ ಅದು.

ಅದು ಕೆಲಸ ಮಾಡುವ ರೀತಿ ಸರಳ. ಮದ್ಯ ನಮ್ಮ ಲಿವರ್‌ನಲ್ಲಿ ಮೊದಲು ಅಸಿಟಾಲ್ಡಿಹೈಡ್ ಅನ್ನುವ ವಿಷವಾಗುತ್ತದೆ, ಆಮೇಲೆ ಬೇಗನೆ ಇನ್ನೊಂದು ಅಪಾಯವಿಲ್ಲದ ವಸ್ತುವಾಗುತ್ತದೆ. ಡೈಸಲ್ಫಿರಾಂ ಈ ಎರಡನೇ ಹೆಜ್ಜೆಯನ್ನು ತಡೆದುಬಿಡುತ್ತದೆ. ವಿಷ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಶುರುವಿನ ವರ್ಷಗಳಲ್ಲಿ ವೈದ್ಯರು ದೊಡ್ಡ ಡೋಸ್ ಕೊಟ್ಟು, ಆಸ್ಪತ್ರೆಯಲ್ಲೇ ರೋಗಿಯ ಕೈಗೆ ಒಂದು ಗ್ಲಾಸ್ ಕೊಟ್ಟು ಕುಡಿಸುತ್ತಿದ್ದರು. ಏನಾಗುತ್ತದೆ ಅಂತ ಒಮ್ಮೆ ಅನುಭವಿಸಿದರೆ ಮತ್ತೆ ಮುಟ್ಟುವುದಿಲ್ಲ ಅನ್ನುವ ಲೆಕ್ಕ. ಕೆಲವರು ಸತ್ತರು. ಆಮೇಲೆ ಡೋಸ್ ಇಳಿಯಿತು, ಆ ಪದ್ಧತಿಯೂ ನಿಂತಿತು.

ಡೈಸಲ್ಫಿರಾಂ ಕೆಟ್ಟ ಔಷಧ ಅಂತ ನಾನು ಹೇಳುತ್ತಿಲ್ಲ. ಬಿಡಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿದವರಿಗೆ, ದಿನವೂ ಎದುರಿಗೆ ಕೂತು ಮಾತ್ರೆ ಕೊಡುವ ಹೆಂಡತಿಯೋ ಅಮ್ಮನೋ ಇರುವವರಿಗೆ ಅದು ಇವತ್ತಿಗೂ ಕೆಲಸ ಮಾಡುತ್ತದೆ. ನಮ್ಮ ದೇಶದ ವೈದ್ಯರು ಅದನ್ನು ಈಗಲೂ ಬರೆಯುತ್ತಾರೆ. ಆದರೆ ಅದು ಕುಡಿಯುವ ಆಸೆಯನ್ನು ಮುಟ್ಟುವುದೇ ಇಲ್ಲ, ಭಯ ಹುಟ್ಟಿಸುತ್ತದೆ ಅಷ್ಟೆ. ಇನ್ನು ಗೊತ್ತಿಲ್ಲದೆ ಸಾರಿನಲ್ಲಿ ಬೆರೆಸಿ ಕೊಟ್ಟರೆ ಆ ಭಯವೂ ಇರುವುದಿಲ್ಲ, ಯಾಕೆಂದರೆ ಅವನಿಗೆ ಗೊತ್ತೇ ಇಲ್ಲವಲ್ಲ. ಅವನು ಎಂದಿನಂತೆ ಎರಡು ಕ್ವಾರ್ಟರ್ ಹಾಕಿದರೆ, ಹೃದಯದ ತೊಂದರೆ ಇದ್ದವನಾದರೆ, ಪ್ರಾಣವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಉಳಿದಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಬೇರೆ ದಾರಿ ಕಾಣದೆ ಹಾಗೆ ಮಾಡುವ ಹೆಂಗಸರ ಕಷ್ಟ ಎಂಥದ್ದು ಅಂತ ಗೊತ್ತಿದ್ದೇ ಈ ಮಾತು ಹೇಳುತ್ತಿದ್ದೇನೆ.

ಎರಡನೇ ಕತೆ ಬೇರೆಯೇ ಕಡೆಯಿಂದ ಬಂತು. 1963ರಲ್ಲಿ ಅಮೆರಿಕದ ಎಂಡೋ ಲ್ಯಾಬೊರೇಟರೀಸ್‌ನಲ್ಲಿ ನಾಲ್ಟ್ರೆಕ್ಸೋನ್ ತಯಾರಾಯಿತು. ಹೆರಾಯಿನ್, ಮಾರ್ಫಿನ್ ಮೆದುಳಿನಲ್ಲಿ ಹೋಗಿ ಕೂರುವ ಜಾಗಗಳನ್ನು ಇದು ಮೊದಲೇ ಆಕ್ರಮಿಸಿಕೊಳ್ಳುತ್ತದೆ, ಹಾಗಾಗಿ ಅವುಗಳ ಅಮಲು ಏರುವುದಿಲ್ಲ. 1984ರಲ್ಲಿ ಅದಕ್ಕೆಂದೇ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಇನ್ನೊಂದು ವಿಷಯ ಗೊತ್ತಾಗಿತ್ತು. ನಮ್ಮ ಮೆದುಳೇ ಎಂಡಾರ್ಫಿನ್ ಅನ್ನುವ ತನ್ನದೇ ಮಾರ್ಫಿನ್‌ನಂಥ ವಸ್ತು ತಯಾರಿಸುತ್ತದೆ, ಮದ್ಯ ಒಳಗೆ ಹೋದಾಗ ಅದು ಬಿಡುಗಡೆಯಾಗುತ್ತದೆ. ಕುಡಿದಾಗ ಸಿಗುವ ಆ ಹಿತದಲ್ಲಿ ಅದರ ಪಾಲು ದೊಡ್ಡದು. ಹಾಗಾದರೆ ಅದನ್ನೇ ತಡೆದರೆ?

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋಸೆಫ್ ವೋಲ್ಪಿಸೆಲ್ಲಿ ಮತ್ತವರ ತಂಡ 70 ಮಂದಿ ಮಾಜಿ ಸೈನಿಕರ ಮೇಲೆ 12 ವಾರ ಇದನ್ನು ಪರೀಕ್ಷಿಸಿತು. 1992ರಲ್ಲಿ ಫಲಿತಾಂಶ ಬಂತು. ಬರೀ ಸಕ್ಕರೆ ಮಾತ್ರೆಯಂಥದ್ದು ತಿಂದವರಲ್ಲಿ 54% ಜನ ಹಳೆಯ ಕುಡಿತಕ್ಕೆ ಮರಳಿದರು, ನಾಲ್ಟ್ರೆಕ್ಸೋನ್ ತಿಂದವರಲ್ಲಿ 23%. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಆ ಅಧ್ಯಯನದ ಇನ್ನೊಂದು ಅಂಕಿ. ನಡುವೆ ತಡೆಯಲಾರದೆ ಒಮ್ಮೆ ಕುಡಿದುಬಿಟ್ಟವರನ್ನು ಮಾತ್ರ ತೆಗೆದುಕೊಂಡರೆ, ಸಕ್ಕರೆ ಮಾತ್ರೆಯವರಲ್ಲಿ 20 ಜನರಲ್ಲಿ 19 ಮಂದಿ ಪೂರ್ತಿ ಜಾರಿದರು. ನಾಲ್ಟ್ರೆಕ್ಸೋನ್ ಗುಂಪಿನಲ್ಲಿ 16ರಲ್ಲಿ 8 ಮಂದಿ. ಅಂದರೆ ಉಳಿದ ಎಂಟು ಮಂದಿ ಒಂದು ಗ್ಲಾಸಿನಿಂದ ಇಡೀ ಬಾಟಲಿಗೆ ಹೋಗಲಿಲ್ಲ. 'ಒಂದೇ ಒಂದು ಪೆಗ್' ಅಂತ ಕೂತವನು ನಡುರಾತ್ರಿ ಬಾರ್ ಮುಚ್ಚಿದ ಮೇಲೆ ಎದ್ದು ಬರುವುದನ್ನು ಕಂಡ ಮನೆಯವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ಸ್ಟೆಫನಿ ಓ'ಮ್ಯಾಲಿ ಅವರ ಅಧ್ಯಯನವೂ ಅದೇ ದಿಕ್ಕಿನ ಫಲಿತಾಂಶ ತೋರಿಸಿತು. 1994ರಲ್ಲಿ ಅಮೆರಿಕ ಕುಡಿತದ ಚಟಕ್ಕೂ ನಾಲ್ಟ್ರೆಕ್ಸೋನ್ ಒಪ್ಪಿತು.

ಇದಕ್ಕಿಂತ ಮೊದಲೇ ಫಿನ್ಲೆಂಡಿನಲ್ಲಿ ಒಬ್ಬರು ಇದೇ ದಾರಿಯಲ್ಲಿ ಬಹಳ ದೂರ ನಡೆದಿದ್ದರು. ಜಾನ್ ಡೇವಿಡ್ ಸಿಂಕ್ಲೇರ್, ಅಮೆರಿಕದವರು, ಹೆಲ್ಸಿಂಕಿಯಲ್ಲಿ ಅಲ್ಲಿನ ಸರ್ಕಾರಿ ಮದ್ಯ ಸಂಸ್ಥೆ ಆಲ್ಕೊ ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಮದ್ಯಕ್ಕೆ ಒಗ್ಗಿದ ಇಲಿಗಳಿಂದ ಅದನ್ನು ಕೆಲವು ವಾರ ಕಿತ್ತುಕೊಂಡರೆ, ಮತ್ತೆ ಸಿಕ್ಕಿದಾಗ ಅವು ಮೊದಲಿಗಿಂತ ಜಾಸ್ತಿ ಕುಡಿಯುತ್ತವೆ. 1960ರ ದಶಕದಿಂದಲೇ ಅವರು ಇದರ ಬೆನ್ನು ಹತ್ತಿದ್ದರು. ಸುಮ್ನೆ ದೂರ ಇಟ್ಟರೆ ತುಡಿತ ಸಾಯುವುದಿಲ್ಲ, ಒಳಗೇ ಬೆಳೆಯುತ್ತದೆ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮೂರುಗಳಲ್ಲಿ ಶಬರಿಮಲೆಗೆ ಮಾಲೆ ಹಾಕುವವರು. ವ್ರತದ ಅಷ್ಟೂ ದಿನ ಹನಿ ಮುಟ್ಟುವುದಿಲ್ಲ. ಚಳಿಯಲ್ಲಿ ಬೆಳಗಿನ ಜಾವ ತಣ್ಣೀರು ಸ್ನಾನ, ಶರಣು ಕೂಗು, ಮನೆಯಲ್ಲಿ ನೆಮ್ಮದಿ, ಮಕ್ಕಳಿಗೆ ಅಪ್ಪ ಸಿಕ್ಕಿರುತ್ತಾನೆ. ಅವರ ಭಕ್ತಿ ನಿಜ, ಮನಸ್ಸಿನ ಗಟ್ಟಿತನವೂ ನಿಜ. ಆದರೂ ಮಾಲೆ ತೆಗೆದ ಮೇಲೆ ಕೆಲವರು ಮೊದಲಿಗಿಂತ ಜೋರಾಗಿ ಕುಡಿಯುತ್ತಾರೆ, ಆಗ ಊರವರು 'ಇವನಿಗೆ ಮನಸ್ಸೇ ಇಲ್ಲ' ಅಂತ ಬೈಯುತ್ತಾರೆ. ಇಷ್ಟು ದಿನ ತಡೆದವನಿಗೆ ಮನಸ್ಸಿಲ್ಲ ಅಂತ ಹೇಗೆ ಹೇಳೋಣ? ಮೆದುಳು ಕಲಿತ ಪಾಠ ಮೆದುಳಿನಲ್ಲೇ ಉಳಿದಿತ್ತು, ಅದನ್ನು ಯಾರೂ ಅಳಿಸಿರಲಿಲ್ಲ ಅಷ್ಟೆ.

ಸಿಂಕ್ಲೇರ್ ಹೇಳಿದ್ದು ಅಳಿಸುವ ದಾರಿ. ಕುಡಿಯುವುದಕ್ಕೆ ಸುಮಾರು ಒಂದು ಗಂಟೆ ಮೊದಲು ನಾಲ್ಟ್ರೆಕ್ಸೋನ್ ನುಂಗಬೇಕು, ಆಮೇಲೆ ಕುಡಿಯಬೇಕು. ಮದ್ಯ ಒಳಗೆ ಹೋಗುತ್ತದೆ, ಆದರೆ ಕಾದಿದ್ದ ಹಿತ ಸಿಗುವುದಿಲ್ಲ. ತೂರಾಟ ಬರುತ್ತದೆ, ತೊದಲು ಬರುತ್ತದೆ, ಗಾಡಿ ಓಡಿಸುವ ಹಾಗಂತೂ ಇಲ್ಲ, ಆದರೆ 'ಇನ್ನೊಂದು' ಅನ್ನುವ ಎಳೆತ ಕಮ್ಮಿಯಾಗುತ್ತದೆ. ಹೀಗೆ ತಿಂಗಳುಗಟ್ಟಲೆ ಆಗುತ್ತಾ ಹೋದರೆ ಕುಡಿಯುವುದಕ್ಕೂ ಸುಖಕ್ಕೂ ಇದ್ದ ನಂಟು ಸಡಿಲವಾಗುತ್ತದೆ. ಮಾತ್ರೆ ಮರೆತು ಕುಡಿದರೆ ಆ ನಂಟು ಮತ್ತೆ ಬಿಗಿಯಾಗುತ್ತದೆ, ಹಾಗಾಗಿ ಶಿಸ್ತು ಬೇಕೇಬೇಕು. ಕುಡಿಯುತ್ತಲೇ ಕುಡಿತ ಇಳಿಸುವ ಈ ಮಾತು ಕೇಳಿ ಹಲವರು ಸಿಟ್ಟಾದರು. ಆದರೂ 2013ರಲ್ಲಿ ಯುರೋಪ್ ಇದರ ಹತ್ತಿರದ ಸಂಬಂಧಿ ನಾಲ್ಮೆಫೀನ್‌ಗೆ ಒಪ್ಪಿಗೆ ಕೊಟ್ಟಿತು. ಕುಡಿಯಬಹುದು ಅನಿಸುವ ದಿನ ಮಾತ್ರ ನುಂಗಬೇಕಾದ ಮಾತ್ರೆ ಅದು, ಗುರಿ ಕುಡಿತ ಕಡಿಮೆ ಮಾಡುವುದು. ಅದರ ಪುರಾವೆ ಅಷ್ಟು ಗಟ್ಟಿಯಿಲ್ಲ ಅನ್ನುವ ವಾದವೂ ಇದೆ.

ಇನ್ನೆರಡು ಔಷಧಿಗಳ ಕತೆ ಫ್ರಾನ್ಸಿನ ಕಡೆಯದು. ಅಕಾಂಪ್ರೊಸೇಟ್ ಅಲ್ಲಿ 1980ರ ದಶಕದಲ್ಲಿ ಬಂತು, ಅಮೆರಿಕಕ್ಕೆ 2004ರಲ್ಲಿ. ಕುಡಿತ ನಿಲ್ಲಿಸಿದ ಮೇಲಿನ ಚಡಪಡಿಕೆ, ನಿದ್ದೆಗೇಡು ತಗ್ಗಿಸಿ ಮತ್ತೆ ಜಾರದ ಹಾಗೆ ನೋಡಿಕೊಳ್ಳುತ್ತದೆ. ಲಿವರ್ ಕೆಟ್ಟವರಿಗೂ ಸಾಮಾನ್ಯವಾಗಿ ಕೊಡಬಹುದು, ಆದರೆ ಕಿಡ್ನಿ ಸರಿಯಿರಬೇಕು. ಬ್ಯಾಕ್ಲೊಫೆನ್ ಸ್ನಾಯು ಬಿಗಿತಕ್ಕೆ ಕೊಡುವ ಹಳೆಯ ಮಾತ್ರೆ. ಫ್ರಾನ್ಸಿನ ಹೃದ್ರೋಗ ತಜ್ಞ ಒಲಿವಿಯೆ ಅಮೇಜೆನ್ ಸ್ವತಃ ಕುಡಿತದಲ್ಲಿ ಮುಳುಗಿದ್ದವರು. ತಮ್ಮ ಮೇಲೆಯೇ ಅದನ್ನು ದಿನಕ್ಕೆ 270 ಮಿಲಿಗ್ರಾಂವರೆಗೆ ಏರಿಸಿ, ತುಡಿತವೇ ಹೋಯಿತು ಅಂತ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಪ್ರಕರಣ ಬರೆದರು. ಫ್ರಾನ್ಸಿನಲ್ಲಿ ದೊಡ್ಡ ಚರ್ಚೆಯಾಯಿತು. 2018ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿದ್ದು ದಿನಕ್ಕೆ 80 ಮಿಲಿಗ್ರಾಂ ಮಿತಿಯೊಂದಿಗೆ. ಜಾಸ್ತಿ ಡೋಸ್‌ನ ಮಂಪರು ಅಪಾಯಕಾರಿ, ಯಾರೂ ತಾವಾಗಿ ಪ್ರಯೋಗ ಮಾಡಬಾರದು.

ಇಷ್ಟೆಲ್ಲ ಇದ್ದೂ ಜನರಿಗೆ ಯಾಕೆ ತಲುಪಲಿಲ್ಲ? ಒಂದು ಕಾರಣ, ಕುಡಿತಕ್ಕೆ ಪರಿಹಾರ ಅಂದರೆ ಪೂರ್ತಿ ಬಿಡುವುದು ಮಾತ್ರ ಅನ್ನುವ ನಂಬಿಕೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್ ಲಕ್ಷಾಂತರ ಜನರ ಬದುಕು ಉಳಿಸಿದೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಸುತ್ತ ಬೆಳೆದ ಚಿಕಿತ್ಸಾ ಕೇಂದ್ರಗಳಲ್ಲಿ ಮಾತ್ರೆಯನ್ನು ಅಡ್ಡದಾರಿ ಅಂತ ನೋಡುವವರು ಬಹಳ ಇದ್ದರು. ಇನ್ನೊಂದು ಕಾರಣ ದುಡ್ಡಿನದು. ನಾಲ್ಟ್ರೆಕ್ಸೋನ್ ಹಳೆಯ ಔಷಧ, ಬೇಗನೆ ಬೇರೆ ಕಂಪನಿಗಳೂ ಅಗ್ಗವಾಗಿ ತಯಾರಿಸತೊಡಗಿದವು. ಲಾಭವಿಲ್ಲದ ಮಾತ್ರೆಯನ್ನು ವೈದ್ಯರ ಬಾಗಿಲಿಗೆ ಹೊತ್ತು ತಿರುಗುವವರು ಯಾರು?

ಅಮೆರಿಕದಲ್ಲೇ 2019ರಲ್ಲಿ ಕುಡಿತದ ಕಾಯಿಲೆ ಇದ್ದವರಲ್ಲಿ 1.6% ಜನರಿಗೆ ಮಾತ್ರ ಇಂಥ ಔಷಧ ಸಿಕ್ಕಿತ್ತು. ಪುರಾವೆ ಇರಲಿಲ್ಲವಾ ಅಂದರೆ ಇತ್ತು. 2023ರಲ್ಲಿ 118 ಪ್ರಯೋಗಗಳನ್ನು, ಸುಮಾರು 21,000 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗ, 11 ಜನರಿಗೆ ದಿನಕ್ಕೆ 50 ಮಿಲಿಗ್ರಾಂ ನಾಲ್ಟ್ರೆಕ್ಸೋನ್ ಕೊಟ್ಟರೆ ಒಬ್ಬರು ವಿಪರೀತ ಕುಡಿತಕ್ಕೆ ಮರಳುವುದು ತಪ್ಪುತ್ತದೆ ಅಂತ ಕಂಡಿತು. ಇದು ಪವಾಡವಲ್ಲ, ಎಲ್ಲರಿಗೂ ಆಗಿಬರುವುದೂ ಇಲ್ಲ. ಆದರೆ ನಾವು ದಿನಾ ನುಂಗುವ ಎಷ್ಟೋ ಮಾತ್ರೆಗಳಿಗೆ ಹೋಲಿಸಿದರೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ನಾಲ್ಟ್ರೆಕ್ಸೋನ್ ಮತ್ತು ಅಕಾಂಪ್ರೊಸೇಟ್ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ನಮ್ಮಲ್ಲಿ ಕುಡಿತದ ಮಾತು ಬಂದಾಗಲೆಲ್ಲ ಚರ್ಚೆ ನಿಷೇಧದ ಕಡೆಗೇ ಹೊರಳುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆದಿವೆ. ಆ ನೋವು, ಆ ಶ್ರಮ ದೊಡ್ಡದು. ಆದರೆ ಚಿಕಿತ್ಸೆ ಸಿಗುವವರ ಲೆಕ್ಕ ನೋಡಿ. 2019ರಲ್ಲಿ ಬಂದ ಏಮ್ಸ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು.

2020ರ ಲಾಕ್‌ಡೌನಿನಲ್ಲಿ ಅಂಗಡಿಗಳೆಲ್ಲ ಒಮ್ಮೆಗೇ ಮುಚ್ಚಿದಾಗ ಏನಾಯಿತು ನೆನಪಿದೆ ಅಲ್ವಾ? ಕೈ ನಡುಗುತ್ತಾ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಣ್ಣಿಗೆ ಕಂಡು ಬೆಂಗಳೂರಿನ ಆಸ್ಪತ್ರೆಗಳಿಗೆ ಜನ ಬಂದರು. ದಿನಾ ಬೆಳಗ್ಗೆಯಿಂದಲೇ ಕುಡಿಯುವವರು, ಕುಡಿಯದಿದ್ದರೆ ಕೈ ನಡುಗುವವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಾಪಾಯವಿದೆ. ಅವರಿಗೆ ಮೊದಲು ಬೇಕಾದ್ದು ಆ ಕೆಲವು ದಿನ ದಾಟಿಸುವ ಔಷಧ, ಥಯಾಮಿನ್ ಅನ್ನುವ ಬಿ1 ವಿಟಮಿನ್, ವೈದ್ಯರ ಕಣ್ಗಾವಲು. ತುಡಿತದ ಮಾತ್ರೆಯ ಮಾತು ಆಮೇಲೆ. ಸಿಂಕ್ಲೇರ್ ಹೇಳಿದ ದಾರಿಯೂ ಎಲ್ಲರಿಗಲ್ಲ. ಲಿವರ್ ಸಿರೋಸಿಸ್ ಇದ್ದವರು, ಬಸುರಿಯರು ಪೂರ್ತಿ ಬಿಡಬೇಕು.

ನಾಲ್ಟ್ರೆಕ್ಸೋನ್ ನಮ್ಮ ದೇಶದಲ್ಲೂ ಸಿಗುತ್ತದೆ, ಚೀಟಿ ಬೇಕು. ವೈದ್ಯರ ಹತ್ತಿರ ಹೋದಾಗ ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ, ನಾಲ್ಟ್ರೆಕ್ಸೋನ್ ಜೊತೆ ಅವು ಸೇರಿದರೆ ಮೈ ತುಂಬಾ ಕೆಡುತ್ತದೆ. ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಮೊದಲ ಕೆಲವು ದಿನ ವಾಕರಿಕೆ, ತಲೆನೋವು ಬರಬಹುದು, ಊಟದ ಜೊತೆ ನುಂಗಿದರೆ ಸ್ವಲ್ಪ ವಾಸಿ. ಡೈಸಲ್ಫಿರಾಂ ಒಂದನ್ನೇ ಬರೆದುಕೊಟ್ಟರೆ 'ಡಾಕ್ಟ್ರೇ, ಆಸೆ ಕಮ್ಮಿ ಮಾಡೋ ಮಾತ್ರೆ ಇದೆಯಂತಲ್ಲ, ಅದು ನನಗೆ ಆಗುತ್ತಾ?' ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಗಲಾಗಲಿ ರಾತ್ರಿಯಾಗಲಿ.