ಇಫ್ ಮೊದ್ಲು ಬಂತು, ಎಲ್ಸ್ ಆಮೇಲೆ

ಕೋಡಿಂಗ್ ಕಲಿಯೋಕೆ ಕೂತವರಿಗೆ ಮೊದಲ ವಾರದಲ್ಲೇ ಇಫ್-ಎಲ್ಸ್ ಸಿಗುತ್ತೆ, ಸಂಖ್ಯೆ 2ರಿಂದ ಭಾಗ ಆದ್ರೆ ಸಮ ಅಂತ ತೋರ್ಸು, ಇಲ್ಲಾಂದ್ರೆ ಬೆಸ ಅಂತ ತೋರ್ಸು, ಅಷ್ಟೇ. ಇವೆರಡೂ ಹುಟ್ಟಿನಿಂದ್ಲೇ ಜೋಡಿ ಅನ್ಕೊಂಡಿರ್ತೀವಿ. ಆದ್ರೆ ಎಲ್ಸ್ ಲೇಟಾಗಿ ಬಂದಿದ್ದು, ಬಂದ್ಮೇಲೂ ಅದು ಯಾವ ಇಫ್‌ಗೆ ಸೇರಿದ್ದು ಅನ್ನೋ ಜಗಳ ಬೇಗ ಮುಗೀಲಿಲ್ಲ.

1957ರಲ್ಲಿ ಐಬಿಎಂ 704 ಮಷೀನಿಗೆ ಜಾನ್ ಬ್ಯಾಕಸ್ ಟೀಮು ಫೋರ್ಟ್ರಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕೊಟ್ಟಾಗ ಅದರಲ್ಲಿ ಇದ್ದಿದ್ದು ಇಫ್ (ಎಕ್ಸ್) 10, 20, 30 ಅನ್ನೋ ಥರದ್ದು: ಎಕ್ಸ್ ಸೊನ್ನೆಗಿಂತ ಕಮ್ಮಿ ಇದ್ರೆ 10ನೇ ನಂಬರಿನ ಸಾಲಿಗೆ ಹೋಗು, ಸೊನ್ನೆನೇ ಆದ್ರೆ 20ಕ್ಕೆ, ಜಾಸ್ತಿ ಇದ್ರೆ 30ಕ್ಕೆ. ಅಂದ್ರೆ ಬರೀ ಹಾರೋದು. ಉದ್ದದ ಪ್ರೋಗ್ರಾಂ ಆದ್ರೆ ಎಲ್ಲಿಂದ ಎಲ್ಲಿಗೆ ಹಾರಿದೆ ಅಂತ ಬೆರಳಿಟ್ಟುಕೊಂಡು ಓದ್ಬೇಕು.

ಫೋರ್ಟ್ರಾನಲ್ಲಿ ಚೆಸ್ ಪ್ರೋಗ್ರಾಂ ಬರೀತಿದ್ದ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿಗೆ ಇದು ಹಿಡಿಸ್ಲಿಲ್ಲ, ಎಕ್ಸ್‌ಇಫ್ ಅಂತ ಒಂದು ಫಂಕ್ಷನ್ (ಹೆಸರು ಹೇಳಿ ಕರೆದ್ರೆ ಕೆಲಸ ಮಾಡೋ ಕೋಡಿನ ತುಂಡು) ಮಾಡ್ಕೊಂಡ್ರು, ಒಂದು ಷರತ್ತು ಎರಡು ಉತ್ತರ ಕೊಟ್ರೆ ಒಂದನ್ನ ಆರಿಸಿ ಕೊಡುತ್ತೆ. ಫಜೀತಿ ಏನಂದ್ರೆ ಫಂಕ್ಷನ್ನಿಗೆ ಕಳಿಸೋ ಮುಂಚೆನೇ ಎರಡೂ ಉತ್ತರದ ಲೆಕ್ಕ ಆಗ್ಬೇಕು, ಬೇಕಿರೋದು ಒಂದೇ ಆದ್ರೂ. ಟೈಮ್ ವೇಸ್ಟ್ ಅಂತಷ್ಟೇ ಅಲ್ಲ, ಫಂಕ್ಷನ್ ತನ್ನನ್ನೇ ತಾನು ಕರ್ಕೊಳ್ತಿದ್ರೆ ಅದು ನಿಲ್ಲೋದೇ ಇಲ್ಲ (5×4×3×2×1 ಥರದ ಫ್ಯಾಕ್ಟೋರಿಯಲ್ ಲೆಕ್ಕ ಹೀಗೆ ಬರೆದು ನೋಡಿ, ಮಜಾ ಗೊತ್ತಾಗುತ್ತೆ). ಹಾಗಾಗಿ ಬೇಕಾದ ಕಡೆ ಮಾತ್ರ ಲೆಕ್ಕ ಮಾಡೋ ರಚನೆ ಭಾಷೆಯೊಳಗೇ ಇರ್ಬೇಕು ಅಂದ್ರು, ಅದನ್ನ ತಾವೇ ಮಾಡಿದ ಲಿಸ್ಪ್ ಭಾಷೆಗೆ ಹಾಕಿದ್ರು, ಆಲ್ಗಾಲ್ ಅನ್ನೋ ಇನ್ನೊಂದು ಭಾಷೆ ರೂಪಿಸ್ತಿದ್ದ ಕಮಿಟಿಗೂ ಹೇಳಿದ್ರು, ಆಲ್ಗಾಲ್ 60ರಲ್ಲಿ ಇಫ್-ದೆನ್-ಎಲ್ಸ್ ಬಂತು. ನನ್ನ ಕೇಳಿದ್ರೆ ಇಡೀ ಕತೆಯ ತಿರುವು ಇದೇ.

ಜಗಳ ಶುರುವಾಗಿದ್ದು ಆಮೇಲೆ. ಇಫ್ ಒಳಗೆ ಇನ್ನೊಂದು ಇಫ್ ಇಟ್ಟು ಕೊನೆಗೆ ಒಂದೇ ಎಲ್ಸ್ ಬರೆದ್ರೆ ಅದು ಯಾರದ್ದು? ಹತ್ತಿರದ ಇಫ್‌ದು ಅಂತ ಸಿ ಭಾಷೆ ತೀರ್ಮಾನ ಮಾಡ್ತು, ನಾವು ಸಾಲಿನ ಮುಂದೆ ಸ್ಪೇಸ್ ಎಷ್ಟೇ ನೀಟಾಗಿ ಬಿಟ್ಟಿದ್ರೂ ಕಂಪೈಲರ್ (ಕೋಡನ್ನ ಮಷೀನ್ ಭಾಷೆಗೆ ತಿರುಗಿಸೋ ಪ್ರೋಗ್ರಾಂ) ಕ್ಯಾರೇ ಅನ್ನಲ್ಲ. ಆಲ್ಗಾಲ್ 68 ಇಫ್ (if) ಅನ್ನೇ ತಿರುಗಿಸಿ ಫಿ (fi) ಅಂತ ಮುಚ್ಚಿಸ್ತು, ಪೈಥಾನ್ ಸ್ಪೇಸನ್ನೇ ರೂಲ್ ಮಾಡ್ತು. ಸಿಯಲ್ಲಿ ಇಫ್‌ಗೆ ಸೇರಿದ ಸಾಲುಗಳ ಸುತ್ತ ಬ್ರಾಕೆಟ್ ಹಾಕದಿದ್ರೆ ಏನಾಗುತ್ತೆ ಅನ್ನೋದಕ್ಕೆ 2014ರ ಆಪಲ್ ಬಗ್ ಇದೆ, ಗೋಟು ಫೇಲ್ (ಫೇಲ್ ಅನ್ನೋ ಜಾಗಕ್ಕೆ ಹಾರು) ಅನ್ನೋ ಸಾಲು ಎರಡು ಸಲ ಬಿದ್ದಿತ್ತು, ಎರಡನೇದು ಇಫ್ ಹೊರಗಿತ್ತು, ಹಾಗಾಗಿ ಷರತ್ತು ಏನೇ ಇರ್ಲಿ ಅದು ಓಡ್ತಿತ್ತು, ಸೆಕ್ಯೂರಿಟಿ ಚೆಕ್ ಪೂರ್ತಿ ಆಗ್ತಾನೇ ಇರ್ಲಿಲ್ಲ.

ಫೋರ್ಟ್ರಾನ್‌ಗೆ ಎಲ್ಸ್ ಸಿಕ್ಕಿದ್ದು ಫೋರ್ಟ್ರಾನ್ 77ರಲ್ಲಿ. ಆ ಮೂರು ದಾರಿಯ ಹಳೇ ಇಫ್ ಸ್ಟ್ಯಾಂಡರ್ಡ್‌ನಿಂದ ಹೊರಗೆ ಬಿದ್ದಿದ್ದು ಫೋರ್ಟ್ರಾನ್ 2018ರಲ್ಲಿ.