ಚೀಟಿ ಅಂಟಿಸಿದ ಕಂಪ್ಯೂಟರ್

ಹಾಸನದಲ್ಲಿರುವ ಅಕ್ಕನ ಮನೆಯ ಅಟ್ಟದಿಂದ ಇಳಿದ ನೆಟ್‌ಬುಕ್ ಅದು. ಒಳಗೆ 2008ರ ಕಾಲದ ಇಂಟೆಲ್ ಆಟಮ್ ಎನ್270 ಚಿಪ್, ಒಂದೇ ಒಂದು ಜಿಬಿ ರ‍್ಯಾಮ್. ಪರದೆ 1024 ಪಿಕ್ಸೆಲ್ ಅಗಲ, 600 ಎತ್ತರ. ಬ್ಯಾಟರಿ ಸತ್ತು ಎಷ್ಟೋ ವರ್ಷ ಆಗಿತ್ತು. "ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ ಕಣೋ, ಏನಾದ್ರೂ ಮಾಡೋಕಾಗುತ್ತಾ ನೋಡು" ಅಂತ ಅಕ್ಕ ಕೈಗಿಟ್ಟಳು. ಅವಳಿಗೆ ಬೇಕಿದ್ದುದು ಎರಡೇ. ಕನ್ನಡದಲ್ಲಿ ಟೈಪ್ ಮಾಡಬೇಕು, ಸಂಜೆ ಒಂದಿಷ್ಟು ಸುದ್ದಿ ಓದಬೇಕು.

ನಾನು ಹಾಕಿದ್ದು ವಿಂಡೋಸ್ ಬದಲು ಕಂಪ್ಯೂಟರನ್ನು ನಡೆಸುವ ಪಪ್ಪಿ ಲಿನಕ್ಸ್. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ ಪುಟ್ಟ ಲಿನಕ್ಸ್ ಇದು. ಉಳಿದ ಲಿನಕ್ಸ್‌ಗಳೆಲ್ಲ ವರ್ಷ ವರ್ಷ ದಪ್ಪ ಆಗುತ್ತಾ ಹಳೆ ಮಶೀನುಗಳನ್ನು ಹೊರಗೆ ತಳ್ಳುತ್ತಿವೆ ಅನ್ನುವುದು ಅವರ ತಕರಾರಾಗಿತ್ತು. ಅವರ ಮನೆಯ ಚಿವಾವಾ ನಾಯಿಯೇ ಇದರ ಲಾಂಛನ. ಪಪ್ಪಿಯನ್ನು ಕಟ್ಟುವ ಸ್ಕ್ರಿಪ್ಟುಗಳ ಕಂತೆಗೆ ಹೆಸರು 'ವೂಫ್'. ಹಲವು ಆವೃತ್ತಿಗಳಲ್ಲಿ ಮೊದಲ ಸಲ ಶುರುವಾದಾಗ ಸ್ಪೀಕರಿನಿಂದ ನಾಯಿ ಬೊಗಳುವ ಸದ್ದೂ ಬರುತ್ತದೆ. ಸುಮ್ನೆ ತಮಾಷೆ ಅಂದುಕೊಂಡಿದ್ದೆ. ಅದೂ ಒಂದು ಸುಳಿವು ಅಂತ ಆಮೇಲೆ ಗೊತ್ತಾಯಿತು.

ಅಕ್ಕನ ಚಿಪ್ 32 ಬಿಟ್‌ನದು. ಹಾಗಾಗಿ ಉಬುಂಟು ಅನ್ನುವ ಇನ್ನೊಂದು ಲಿನಕ್ಸಿನ 18.04 ಆವೃತ್ತಿಯ ಪ್ಯಾಕೇಜುಗಳಿಂದ ಕಟ್ಟಿದ ಬಯೋನಿಕ್‌ಪಪ್32 ಆವೃತ್ತಿಯನ್ನು ಆರಿಸಿದೆ. ಅದು ಒಂದು ಪೆನ್‌ಡ್ರೈವಿನಲ್ಲಿ ಕೂತಿದೆ. ಶುರುವಾಗುವಾಗ ಇಡೀ ವ್ಯವಸ್ಥೆ ಪೆನ್‌ಡ್ರೈವಿನಿಂದ ರ‍್ಯಾಮಿಗೆ ಬಂದು ಕೂರುತ್ತದೆ. ಹಳೆ ಮಶೀನಿಗೆ ಜೀವ ಬರುವುದು ಇದರಿಂದಲೇ. ರ‍್ಯಾಮಿನಿಂದ ಒಂದು ತುಣುಕು ಮಾಹಿತಿ ತರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿನ ಯಾವುದೋ ಮೂಲೆಯಿಂದ ತರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಅಂದರೆ ಲಕ್ಷ ಪಟ್ಟು. ರ‍್ಯಾಮ್ ಒಂದು ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ ಅಂತ ಇಟ್ಟುಕೊಂಡರೆ, ಡಿಸ್ಕು ಉತ್ತರ ಕೊಡುವುದು ನಾಳೆ ಇಷ್ಟೊತ್ತು ದಾಟಿದ ಮೇಲೆ.

ಆದರೆ ಪಪ್ಪಿಯಲ್ಲಿ ನನಗೆ ಇಷ್ಟವಾಗಿದ್ದು ವೇಗಕ್ಕಿಂತ ಜಾಸ್ತಿ ಅದರ ಪದರಗಳು. ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ ಛತ್ರ ಬದಲಾದರೆ ಏನು ಮಾಡುತ್ತಾರೆ? ಹೊಸ ಛತ್ರದ ಹೆಸರಿರುವ ಚೀಟಿಯನ್ನು ಹಳೆಯ ಹೆಸರಿನ ಮೇಲೆ ಅಂಟಿಸುತ್ತಾರೆ. ಓದುವವರಿಗೆ ಹೊಸದೇ ಕಾಣುತ್ತದೆ. ಕೆಳಗಿನ ಅಚ್ಚು ಹಾಗೇ ಇರುತ್ತದೆ. ಚೀಟಿ ಕಿತ್ತರೆ ಹಳೆಯದು ಮತ್ತೆ ಹಾಜರ್. ಪಪ್ಪಿ ಕೆಲಸ ಮಾಡುವುದೂ ಹೀಗೇ. ಮೂಲ ವ್ಯವಸ್ಥೆ ಒಂದೇ ದೊಡ್ಡ ಕಡತದಲ್ಲಿ ಒತ್ತಿ ತುಂಬಿರುತ್ತದೆ. ಅದನ್ನು ಸ್ಕ್ವಾಶ್‌ಎಫ್‌ಎಸ್ ಅನ್ನುತ್ತಾರೆ. ಅದನ್ನು ಓದಬಹುದು, ಬರೆಯಲು ಬರುವುದಿಲ್ಲ. ನೀವು ಮಾಡುವ ಬದಲಾವಣೆಗಳೆಲ್ಲ ಅದರ ಮೇಲಿನ ಇನ್ನೊಂದು ಪದರಕ್ಕೆ ಹೋಗುತ್ತವೆ. ಆ ಪದರವನ್ನು ಉಳಿಸಿಡುವ ಕಡತಕ್ಕೆ ಸೇವ್‌ಫೈಲ್ ಅಂತ ಹೆಸರು. ಲಿನಕ್ಸಿನ ತಿರುಳಾದ ಕರ್ನಲ್ ಎರಡನ್ನೂ ಒಂದರ ಮೇಲೊಂದು ಇಟ್ಟು ಒಂದೇ ಹಾಳೆ ಅನ್ನುವಂತೆ ತೋರಿಸುತ್ತದೆ.

ಇದರಿಂದ ರಿಪೇರಿಯ ಸ್ವರೂಪವೇ ಬದಲಾಗುತ್ತದೆ. ಸಾಮಾನ್ಯ ಕಂಪ್ಯೂಟರ್ ಕೆಟ್ಟಾಗ ಕಂಪನಿ ಕೊಟ್ಟದ್ದು ಯಾವುದು, ನಾವು ತಿದ್ದಿದ್ದು ಯಾವುದು ಅಂತ ಬಿಡಿಸಲು ಆಗುವುದಿಲ್ಲ. ಅನ್ನಕ್ಕೆ ಕಲಸಿದ ಸಾರಿನಂತೆ ಎರಡೂ ಒಂದಾಗಿರುತ್ತವೆ. ಪಪ್ಪಿಯಲ್ಲಿ ಅವು ಬೇರೆ ಬೇರೆ ಪಾತ್ರೆಯಲ್ಲೇ ಇವೆ. ಕಂಪ್ಯೂಟರ್ ಶುರುವಾಗುವಾಗ ಕಾಣುವ ಬೂಟ್ ಮೆನುವಿನ ಸಾಲಿನ ಕೊನೆಗೆ 'ಪಿಫಿಕ್ಸ್=ರ‍್ಯಾಮ್' (pfix=ram) ಅಂತ ಸೇರಿಸಿದರೆ ಸಾಕು. ಸೇವ್‌ಫೈಲನ್ನು ಮುಟ್ಟದೆ ಬರೀ ಮೂಲ ವ್ಯವಸ್ಥೆ ಶುರುವಾಗುತ್ತದೆ. ತೊಂದರೆ ಮಾಯವಾಯಿತೇ? ಹಾಗಾದರೆ ತಪ್ಪು ನಮ್ಮ ಚೀಟಿಯದು. ಹಾಗೇ ಉಳಿಯಿತೇ? ತಪ್ಪು ಮೂಲದ್ದು ಅಥವಾ ಯಂತ್ರದ್ದು. ಶಾಲೆಯ ವಿಜ್ಞಾನದಲ್ಲಿ ಎರಡು ಕುಂಡದ ಪ್ರಯೋಗ ಮಾಡಿಸುತ್ತಿದ್ದರಲ್ಲ, ಒಂದಕ್ಕೆ ಗೊಬ್ಬರ ಹಾಕಿ ಇನ್ನೊಂದಕ್ಕೆ ಹಾಕದೆ? ಗೊಬ್ಬರ ಹಾಕದ ಕುಂಡ ಇಲ್ಲಿ ಸದಾ ನಮ್ಮ ಹತ್ತಿರವೇ ಇರುತ್ತದೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. 600 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಕೆಲವು ಕಿಟಕಿಗಳ 'ಓಕೆ' ಬಟನ್ ಕೆಳಗೆ ಹೊರಟುಹೋಗುತ್ತದೆ. ಆಲ್ಟ್ ಕೀಲಿ ಒತ್ತಿ ಹಿಡಿದು ಮೌಸಿನಿಂದ ಕಿಟಕಿಯನ್ನು ಮೇಲೆಳೆದಿದ್ದರೆ ಮುಗಿಯುತ್ತಿತ್ತು. ನಾನು ಬುದ್ಧಿವಂತಿಕೆ ಮಾಡಲು ಹೋಗಿ, ಪರದೆಯ ಸೆಟ್ಟಿಂಗ್ ಇರುವ ಝಾರ್ಗ್ ಕಡತದಲ್ಲಿ 1024×768 ಅಂತ ಬರೆದೆ. ಮುಂದಿನ ಸಲ ಶುರು ಮಾಡಿದರೆ ಪೂರ್ತಿ ಕತ್ತಲೆ.

ಪಿಫಿಕ್ಸ್=ರ‍್ಯಾಮ್ ಕೊಟ್ಟೆ. ಪರದೆ ಬಂತು. ಸರಿ, ತಪ್ಪು ಚೀಟಿಯದೇ. ಆಗ ಡೆಸ್ಕ್‌ಟಾಪಿನಿಂದಲೇ ಪೆನ್‌ಡ್ರೈವಿನ ಸೇವ್‌ಫೈಲ್ ಮೇಲೆ ಕ್ಲಿಕ್ ಮಾಡಿದೆ. ಅದು ಒಂದು ಡ್ರೈವಿನಂತೆ ತೆರೆದುಕೊಂಡಿತು. ಒಳಗೆ ಇದ್ದದ್ದು ಮೊದಲ ದಿನದಿಂದ ಬದಲಾದ ಕಡತಗಳು ಮಾತ್ರ. ಸಾವಿರಾರು ಕಡತಗಳ ವ್ಯವಸ್ಥೆಯಲ್ಲಿ ನಾನು ಕೈಯಾಡಿಸಿದ್ದು ಯಾವ ಯಾವುದಕ್ಕೆ ಅನ್ನುವ ಪೂರ್ತಿ ಲೆಕ್ಕ ಅಲ್ಲಿತ್ತು. ದಿನಾಂಕದ ಪ್ರಕಾರ ಜೋಡಿಸಿದರೆ ಝಾರ್ಗ್ ಕಡತ ಮೇಲಿನ ಸಾಲುಗಳಲ್ಲೇ ಸಿಕ್ಕಿತು. ಅಳಿಸಿ ರೀಬೂಟ್ ಮಾಡಿದೆ, ಪಪ್ಪಿ ತಾನೇ ಪರದೆಯ ಅಳತೆ ಗುರುತಿಸಿಕೊಂಡಿತು. ಅಳಿಸುವ ಬದಲು ಹೆಸರು ಬದಲಿಸಿ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಅನುಮಾನದ ಕಡತಗಳು ಮೂವತ್ತು ಇದ್ದರೆ ಒಂದೊಂದಾಗಿ ನೋಡಬೇಡಿ, ಅರ್ಧದ ಹೆಸರು ಬದಲಿಸಿ ನೋಡಿ. ತೊಂದರೆ ಯಾವ ಅರ್ಧದಲ್ಲಿದೆ ಅಂತ ಗೊತ್ತಾದ ಮೇಲೆ ಅದರ ಅರ್ಧ. ತಪ್ಪು ಒಂದೇ ಕಡತದ್ದಾದರೆ ಐದು ರೀಬೂಟ್‌ಗೆ ಕಳ್ಳ ಸಿಕ್ಕಿಬೀಳುತ್ತಾನೆ.

ಎರಡನೆಯ ತೊಂದರೆ ಇದಕ್ಕೆ ತಿರುಗಾಮುರುಗಾ. ಬ್ರೌಸರ್ ಯಾವ ವೆಬ್‌ಸೈಟನ್ನೂ ತೆರೆಯುತ್ತಿರಲಿಲ್ಲ. "ಸಂಪರ್ಕ ಸುರಕ್ಷಿತವಾಗಿಲ್ಲ" ಅನ್ನುವ ಎಚ್ಚರಿಕೆ ಮಾತ್ರ. ವೈಫೈ ಸರಿಯಾಗಿತ್ತು. ಮೂಲ ವ್ಯವಸ್ಥೆಯಲ್ಲಿ ನೋಡಿದರೂ ಅದೇ ಕಥೆ. ಅಂದರೆ ನನ್ನ ಚೀಟಿಗಳು ನಿರಪರಾಧಿಗಳು. ಮೂಲೆಯಲ್ಲಿದ್ದ ಗಡಿಯಾರದ ಕಡೆ ಕಣ್ಣು ಹೋಯಿತು. 2008ರ ಜನವರಿ 1!

ಕಂಪ್ಯೂಟರ್ ಆಫ್ ಆಗಿದ್ದಾಗಲೂ ಒಳಗೊಂದು ಪುಟ್ಟ ಗಡಿಯಾರ ಓಡುತ್ತಲೇ ಇರುತ್ತದೆ. ಕೈಗಡಿಯಾರದಲ್ಲಿರುವಂಥದ್ದೇ ಕ್ವಾರ್ಟ್ಜ್ ಹರಳು ಅದರಲ್ಲೂ ಇದೆ, ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆಗೆ ಕಾರಣ ಇದೆ. ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ. ಅರ್ಧ ಮಾಡುವುದು ಡಿಜಿಟಲ್ ಸರ್ಕೀಟಿಗೆ ತುಂಬಾ ಸುಲಭದ ಕೆಲಸ. ಈ ಗಡಿಯಾರಕ್ಕೆ ಅನ್ನ ಹಾಕುವುದು ಒಂದು ಗುಂಡಿ ಸೆಲ್, ಸಾಮಾನ್ಯವಾಗಿ ಮೂರು ವೋಲ್ಟಿನ ಸಿಆರ್2032. ಅಟ್ಟದ ಮೇಲೆ ಅದು ಯಾವಾಗಲೋ ಖಾಲಿಯಾಗಿತ್ತು. ಇತ್ತ ಪ್ರತಿ ಸುರಕ್ಷಿತ ವೆಬ್‌ಸೈಟಿನ ಗುರುತನ್ನು ಖಾತ್ರಿಪಡಿಸುವ ಪ್ರಮಾಣಪತ್ರದ ಮೇಲೂ 'ಈ ದಿನದಿಂದ ಈ ದಿನದವರೆಗೆ' ಅಂತ ಬರೆದಿರುತ್ತದೆ. 2008ರಲ್ಲಿ ಕೂತ ಬ್ರೌಸರಿಗೆ ಆ ಪತ್ರಗಳೆಲ್ಲ ಇನ್ನೂ ಹುಟ್ಟೇ ಇಲ್ಲ. ನಂಬದೇ ಇದ್ದದ್ದು ಅದರ ತಪ್ಪಲ್ಲ ಬಿಡಿ. ಸೆಲ್ ಬದಲಿಸಿ ದಿನಾಂಕ ಸರಿಮಾಡಿದ ಮೇಲೆ ಸೈಟುಗಳೆಲ್ಲ ತೆರೆದುಕೊಂಡವು.

ಒಂದು ಕಿವಿಮಾತು. ಸಮಯ ಕರಾರುವಾಕ್ಕಾಗಿ ಐದೂವರೆ ಗಂಟೆ ಹೆಚ್ಚುಕಮ್ಮಿ ತೋರಿಸಿದರೆ ಸೆಲ್ ಬಿಚ್ಚಲು ಹೋಗಬೇಡಿ. ವಿಂಡೋಸ್ ಆ ಗಡಿಯಾರದಲ್ಲಿ ಸ್ಥಳೀಯ ಸಮಯ ಇಡುತ್ತದೆ. ಬಹಳಷ್ಟು ಲಿನಕ್ಸ್‌ಗಳು ಗ್ರೀನಿಚ್ ಲೆಕ್ಕದ ಸಮಯ ಇಡುತ್ತವೆ. ಎರಡೂ ಒಂದೇ ಮಶೀನಿನಲ್ಲಿದ್ದರೆ ಭಾರತದಲ್ಲಿ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಸೆಟ್ಟಿಂಗಿನಲ್ಲಿ ಯಾವ ಲೆಕ್ಕ ಅಂತ ಹೇಳಿದರೆ ಮುಗಿಯಿತು.

ಪದರಗಳ ಗುಟ್ಟು ತಿಳಿಯದವರು ಪಪ್ಪಿಯಲ್ಲಿ ಎಡವುವ ಇನ್ನೊಂದು ಜಾಗ ಇದೆ. ಜಾಗ ಸಾಲುತ್ತಿಲ್ಲ ಅಂತ ಜೊತೆಗೇ ಬಂದ ಪ್ರೋಗ್ರಾಮುಗಳನ್ನು ಅಳಿಸುತ್ತಾರೆ. ಅದರಿಂದ ಒಂದು ಎಂಬಿ ಜಾಗವೂ ಖಾಲಿಯಾಗಿ ಸಿಗುವುದಿಲ್ಲ. ಅಚ್ಚಾದ ಹೆಸರನ್ನು ಅಳಿಸಲು ಆಗದಲ್ಲ, ಹಾಗಾಗಿ ಅದರ ಮೇಲೆ ಖಾಲಿ ಚೀಟಿ ಅಂಟಿಸಿದಂತೆ ವ್ಯವಸ್ಥೆ 'ಇದು ಇಲ್ಲ ಅಂದುಕೋ' ಅನ್ನುವ ಒಂದು ಗುರುತು ಹಾಕುತ್ತದೆ. ಮೂಲ ಹಾಗೇ ಕೆಳಗಿರುತ್ತದೆ. ಇನ್ನೊಂದು ಕಡೆ, ದೊಡ್ಡ ಕಡತವೊಂದರಲ್ಲಿ ಒಂದೇ ಅಕ್ಷರ ತಿದ್ದಿದರೂ ಇಡೀ ಕಡತ ಮೇಲಿನ ಪದರಕ್ಕೆ ನಕಲಾಗುತ್ತದೆ. ಸೇವ್‌ಫೈಲಿಗೆ ನಾವೇ ನಿಗದಿ ಮಾಡಿದ ಗಾತ್ರ ಇರುತ್ತದೆ. ಅದು ತುಂಬಿದಾಗ ಕಂಪ್ಯೂಟರ್ ತಲೆಬುಡ ಇಲ್ಲದಂತೆ ಆಡುತ್ತದೆ. ಪ್ರೋಗ್ರಾಮ್ ತೆರೆಯುವುದಿಲ್ಲ, ಸೆಟ್ಟಿಂಗ್ ಉಳಿಯುವುದಿಲ್ಲ. ಸೇವ್‌ಫೈಲ್ ದೊಡ್ಡದು ಮಾಡುವ ಉಪಕರಣ ಮೆನುವಿನಲ್ಲೇ ಇದೆ. ನಿಜವಾಗಿ ಮಾಡಬೇಕಾದ್ದು ಫೋಟೋ, ಸಿನಿಮಾಗಳನ್ನು ಅದರ ಹೊರಗೆ ಇಡುವುದು.

ಮೆನು, ಟಾಸ್ಕ್‌ಬಾರುಗಳನ್ನು ನೋಡಿಕೊಳ್ಳುವುದು ಜೆಡಬ್ಲ್ಯೂಎಂ ಅನ್ನುವ ಪುಟ್ಟ ವಿಂಡೋ ಮ್ಯಾನೇಜರ್. ಅದರ ಸೆಟ್ಟಿಂಗ್ ಕಡತ ತೆರೆದು ಅಕ್ಕನಿಗೆ ಬೇಡದ ಮೆನುಗಳನ್ನೆಲ್ಲ ತೆಗೆದೆ. ಎರಡು ದಿನ ಬಿಟ್ಟು ಒಂದು ಪ್ಯಾಕೇಜ್ ಹಾಕಿದ್ದೇ ತಡ, ಎಲ್ಲ ಮೊದಲಿನಂತೆ! ನಾನು ತಿದ್ದಿದ್ದು ಮೂಲ ಕಡತವನ್ನೇ ಅಲ್ಲ. ಹೊಸ ಪ್ರೋಗ್ರಾಮ್ ಬಂದಾಗಲೆಲ್ಲ ಪಪ್ಪಿ ಒಂದು ಮಾದರಿಯಿಂದ ಆ ಕಡತವನ್ನು ಹೊಸದಾಗಿ ಬರೆಯುತ್ತದೆ. ಇಡ್ಲಿಯ ಆಕಾರ ಇಷ್ಟವಾಗದಿದ್ದರೆ ಇಡ್ಲಿ ಕತ್ತರಿಸಿ ಏನು ಉಪಯೋಗ, ತಟ್ಟೆ ಬದಲಿಸಬೇಕು ಅಲ್ವಾ? ನಮ್ಮ ಸ್ವಂತ ಬದಲಾವಣೆಗೆ ಅಂತಲೇ 'ಪರ್ಸನಲ್' ಹೆಸರಿನ ಇನ್ನೊಂದು ಕಡತ ಇದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಮಾದರಿ ಯಾವುದು, ಅದರಿಂದ ಹುಟ್ಟಿದ ಕಡತ ಯಾವುದು ಅಂತ ನೋಡಿಕೊಳ್ಳದೆ ತಿದ್ದಿದರೆ ಹೀಗೇ ಆಗುವುದು. ನನಗೆ ಎರಡು ಸಂಜೆ ಹೋಯಿತು.

ಕನ್ನಡದ ವಿಷಯಕ್ಕೆ ಬರೋಣ. ಮೊದಲು ಅಕ್ಷರಗಳ ಜಾಗದಲ್ಲಿ ಬರೀ ಡಬ್ಬಿಗಳು ಕಂಡವು. ಡಬ್ಬಿ ಕಂಡರೆ ಫಾಂಟ್ ಇಲ್ಲ ಅಂತ ಅರ್ಥ. ಲೋಹಿತ್ ಕನ್ನಡ ಅಥವಾ ನೋಟೋ ಸಾನ್ಸ್ ಕನ್ನಡ ಫಾಂಟನ್ನು ಹಾಕಿದರೆ ಸಾಕು. ಆದರೆ ಫಾಂಟ್ ಹಾಕಿದ ಮೇಲೂ ಒತ್ತಕ್ಷರ ಒಡೆದು, ಅರ್ಕಾವತ್ತು ಎಲ್ಲೋ ಹೋಗಿ ಕೂತರೆ ಕಾಯಿಲೆ ಬೇರೆ. 'ಕನ್ನಡ' ಅನ್ನುವುದು ಕಂಪ್ಯೂಟರಿಗೆ ಐದು ಸಂಕೇತಗಳು: ಕ, ನ, ಅಕ್ಷರದ ಸ್ವರ ತೆಗೆಯುವ ಹಲಂತ ಚಿಹ್ನೆ (್), ಇನ್ನೊಂದು ನ, ಡ. ನಡುವಿನ ಮೂರನ್ನು ಬೆಸೆದು 'ನ್ನ' ಮಾಡುವುದು ಹಾರ್ಫ್‌ಬಝ್‌ನಂಥ ಲೈಬ್ರರಿಯ ಕೆಲಸ. ಹೇಗೆ ಬೆಸೆಯಬೇಕು ಅನ್ನುವ ನಿಯಮ ಫಾಂಟಿನ ಒಳಗೆ ಬರೆದಿರುತ್ತದೆ. ಹಗುರ ಪ್ರೋಗ್ರಾಮುಗಳಲ್ಲಿ ಕೆಲವು ಈ ಬೆಸುಗೆಯನ್ನೇ ಬಿಟ್ಟುಬಿಟ್ಟಿರುತ್ತವೆ. ಇಂಗ್ಲಿಷಿಗೆ ಬೇಕಿಲ್ಲವಲ್ಲ! ಅದಕ್ಕೇ ಒಂದೇ ಮಶೀನಿನಲ್ಲಿ, ಅದೇ ಫಾಂಟ್ ಇದ್ದರೂ, ಫೈರ್‌ಫಾಕ್ಸಿನಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ, ಟರ್ಮಿನಲ್ಲಿನಲ್ಲಿ ಒಡೆಯುತ್ತದೆ. ಹಗುರ ಅನ್ನುವ ಪದ ಕೇಳಿದಾಗಲೆಲ್ಲ 'ಏನನ್ನು ಬಿಟ್ಟು ಹಗುರ?' ಅಂತ ಕೇಳುವ ಅಭ್ಯಾಸ ನನಗೆ ಆಮೇಲೆ ಬಂತು. ಟೈಪಿಂಗಿಗೆ ತಕರಾರಿಲ್ಲ. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ ಸೇರಿದೆ.

ಒಂದು ಮಾತನ್ನು ಮುಚ್ಚಿಡಬಾರದು. ಪಪ್ಪಿ ಎಷ್ಟೇ ಹಗುರವಾದರೂ ಇವತ್ತಿನ ವೆಬ್‌ಸೈಟುಗಳು ಹಗುರ ಆಗುವುದಿಲ್ಲ. ಒಂದು ಜಿಬಿ ರ‍್ಯಾಮಿನಲ್ಲಿ ಎರಡು ಮೂರು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ. ಪೆನ್‌ಡ್ರೈವಿನಿಂದ ಓಡಿಸುವಾಗ ಇನ್ನೂ ಒಂದು ಎಚ್ಚರ ಬೇಕು. ಫ್ಲ್ಯಾಶ್ ಮೆಮೊರಿಗೆ ಪದೇ ಪದೇ ಬರೆದರೆ ಅದರ ಕೋಶಗಳು ಸವೆಯುತ್ತವೆ. ಅದಕ್ಕೆ ಪಪ್ಪಿ ಹೊಸ ಬದಲಾವಣೆಗಳನ್ನು ಮೊದಲು ರ‍್ಯಾಮಿನಲ್ಲೇ ಇಟ್ಟುಕೊಂಡು, ಆಗಾಗ ಒಟ್ಟಿಗೆ ಸೇವ್‌ಫೈಲಿಗೆ ಇಳಿಸುತ್ತದೆ. ಬ್ಯಾಟರಿ ಇಲ್ಲದ ನೆಟ್‌ಬುಕ್ಕಿನಲ್ಲಿ ನಡುವೆ ಕರೆಂಟ್ ಹೋದರೆ ಅಷ್ಟೂ ಹೋಯಿತು. ಡೆಸ್ಕ್‌ಟಾಪಿನಲ್ಲಿ 'ಸೇವ್' ಅಂತ ಒಂದು ಐಕಾನ್ ಇದೆ. ಅಕ್ಕ ಈಗ ಒಲೆಯ ಮೇಲಿನ ಹಾಲು ನೋಡಲು ಎದ್ದಾಗಲೆಲ್ಲ ಅದನ್ನೊಮ್ಮೆ ಒತ್ತಿ ಹೋಗುತ್ತಾಳೆ.

ಕಳೆದ ತಿಂಗಳು ಅವಳ ಫೋನ್ ಬಂತು. "ಎಲ್ಲಾ ಅಳಿಸಿಹೋಗಿದೆ ಕಣೋ. ಬರೆದದ್ದು ಒಂದೂ ಇಲ್ಲ. ಕನ್ನಡಾನೂ ಬರ್ತಿಲ್ಲ."

"ಶುರುವಾಗುವಾಗ ನಾಯಿ ಬೊಗಳ್ತಾ?"

"ಹೂಂ, ಬೊಗಳ್ತು. ಯಾಕೆ?"

ನನಗೆ ಅರ್ಧ ಸಮಾಧಾನ ಆಯಿತು. ಬೊಗಳಿದೆ ಅಂದರೆ ಇದೇ ಮೊದಲ ಸಲ ಅಂತ ಪಪ್ಪಿ ಅಂದುಕೊಂಡಿದೆ. ಸೇವ್‌ಫೈಲ್ ಅದಕ್ಕೆ ಕಂಡಿಲ್ಲ, ಅಷ್ಟೇ. ಹಾಳಾಗಿದೆ ಅಂತೇನಲ್ಲ. ಪೆನ್‌ಡ್ರೈವನ್ನು ಯಾರಾದರೂ ಮುಟ್ಟಿದ್ರಾ ಅಂತ ಕೇಳಿದೆ. ಅವಳ ಮಗ ಹಿಂದಿನ ದಿನ ಅದರಲ್ಲಿ ಫೋಟೋ ತುಂಬಿಕೊಂಡು ಹೋಗಿದ್ದನಂತೆ. ಏನೆಂದು ಗೊತ್ತಾಗದ ಕಡತಗಳು ಬಿದ್ದಿದ್ದವು ಅಂತ, ನೀಟಾಗಿ ಇರಲಿ ಅಂತ, ಒಂದನ್ನು 'ಇತರೆ' ಅನ್ನುವ ಫೋಲ್ಡರಿಗೆ ಹಾಕಿದ್ದನಂತೆ.

ಅದನ್ನು ಹೊರಗೆ ತಂದಿಟ್ಟು ಮತ್ತೆ ಶುರು ಮಾಡು ಅಂದೆ. ಫೋನ್ ಹಿಡಿದೇ ಇಬ್ಬರೂ ಕಾದೆವು. ನಾಯಿ ಬೊಗಳಲಿಲ್ಲ.